ಅರ್ಧ ಅಡಿ ತಪ್ಪಿದ ಅಳತೆ

ಎದುರುಮನೆ ಅಂಕಲ್ ಮಾತಾಡುವಾಗ ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೊದಲ ಸಲ ನೋಡಿದಾಗ ಈ ವಯಸ್ಸಿನಲ್ಲಿ ಕಣ್ಣು ಹೊಡೆಯುತ್ತಿದ್ದಾರಲ್ಲಾ ಎಂದು ನಾನು ಗಂಡನಿಗೆ ದೂರಿತ್ತಿದ್ದೆ. ಪಾಪ! ಭಾರತದ ಸೈನ್ಯದಲ್ಲಿ ಸರ್ವೇಯರ್ ಆಗಿ ಮೂವತ್ತು ವರ್ಷ ದುರ್ಬೀನಿಗೆ ಬಲಗಣ್ಣು ಒತ್ತಿ ಬಂದ ಅಭ್ಯಾಸ ಅದು.

ಧಾರವಾಡದವರು. ಅಮೆರಿಕದ ಕೆಂಡಲ್ ಪಾರ್ಕ್ ಹತ್ತಿರದ ನಮ್ಮ ಟೌನ್‌ಶಿಪ್‌ನಲ್ಲಿ ಮಗಳ ಮನೆಯಲ್ಲಿದ್ದರು. ನೆಲದ ಏರಿಳಿತ ಅವರಿಗೆ ಅಂಗಾಲಿನಲ್ಲೇ ತಿಳಿಯುತ್ತಿತ್ತು. ಎಲ್ಲರೂ ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್‌ನಲ್ಲಿ ಯಾರಾದರೂ ಸಾರು ಚೆಲ್ಲಿದರೆ ಅದು ಯಾವ ಕಡೆ ಹರಿಯುತ್ತದೆಂದು ಮೊದಲೇ ಹೇಳಿಬಿಡುವರು. ಸಾರು ಹಾಗೆಯೇ ಹರಿಯುವುದು. ಅಬ್ಬಾ ಎನಿಸುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ, ಇಲ್ಲಿನ ಪೌರತ್ವ ಸಿಕ್ಕಿದ್ದೇ, ಟೌನ್‌ಶಿಪ್ ಕೌನ್ಸಿಲಿನ ಚುನಾವಣೆಗೆ ನಿಂತರು. ನಾವೆಲ್ಲ ಗೇಲಿ ಮಾಡಿದೆವು.

"ಯಾಕ್ರೀ ನಗ್ತೀರಿ? ಹತ್ತೊಂಬತ್ತನೇ ಶತಮಾನದಾಗ ಫಿನ್‌ಲೆಂಡಿನ ಒಬ್ಬ ಮಿಲಿಟರಿ ಸರ್ವೇಯರ್ ಮುಂದ ದೊಡ್ಡ ಮುತ್ಸದ್ದಿ ಆದಾ. ನಾ ಈ ಊರಿನ ಗಟಾರಾದ್ರೂ ನೆಟ್ಟಗ ಮಾಡಬಾರದೇನು?"

ಮನೆಮನೆ ತಿರುಗಿದರು, ಗೆದ್ದೂ ಬಿಟ್ಟರು.

ಆ ಗಟಾರದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ನನಗಿತ್ತು. ಜೋರು ಮಳೆ ಬಂದರೆ ನಮ್ಮ ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು. ಮಳೆನೀರನ್ನು ಹಳ್ಳಕ್ಕೆ ಒಯ್ಯುವ ಹೊಸ ಪೈಪು ಯಾವ ದಾರಿಯಲ್ಲಿ ಹೋಗಬೇಕೆಂದು ಕೌನ್ಸಿಲಿಗೆ ಹೇಳುವ ಮೊದಲು ಅಂಕಲ್ ತಾವೇ ನೆಲದ ಏರಿಳಿತ ಅಳೆಯಲು ಹೊರಟರು. ಅಳತೆಯ ಕೋಲು ಹಿಡಿಯುವ ಕೆಲಸ ನನ್ನದು. ನಿಯಮ ಒಂದೇ: ಅವರು ದುರ್ಬೀನನ್ನು ಮುಂದೆ ಒಯ್ದು ನಿಲ್ಲಿಸಿ ಮತ್ತೆ ನೋಡುವವರೆಗೂ ಕೋಲು ಇಟ್ಟಲ್ಲಿಂದ ಕದಲಬಾರದು, ಕದಲಿದರೆ ಮುಂದಿನ ಎತ್ತರಗಳೆಲ್ಲ ತಪ್ಪು. ಕೊನೆಗೆ ಹೊರಟ ಜಾಗಕ್ಕೇ ವಾಪಸು ಬಂದು ಅಳೆಯಬೇಕು.

"ಹೊರಟಲ್ಲಿಗೆ ಬಂದಾಗ ಲೆಕ್ಕ ಕೂಡಿದ್ರ ಖರೆ ತಂಗಿ, ಇಲ್ಲಾಂದ್ರ ಎಲ್ಲಾ ಸುಳ್ಳು" ಎಂದಿದ್ದರು.

ಅಂಕಲ್ ಬೆನ್ನು ತಿರುಗಿಸಿ ದುರ್ಬೀನು ಒಯ್ಯುತ್ತಿದ್ದಾಗ ನನ್ನ ಮ್ಯಾನೇಜರ್ ಫೋನು. ಕೋಲು ಎತ್ತಿಕೊಂಡು ನೆರಳಿಗೆ ಹೋದೆ. ಅಂಕಲ್ ಕೂಗಿದಾಗ ಓಡಿಬಂದು, ಮೊದಲು ರಸ್ತೆಯ ಮೇಲಿದ್ದ ಕೋಲನ್ನು ಫುಟ್‌ಪಾತಿನ ಅಂಚುಕಲ್ಲಿನ ಮೇಲೆ ಇಟ್ಟೆ. ಅರ್ಧ ಅಡಿಯಿಂದ ಏನಾದೀತು ಎಂದು ಸುಮ್ಮನಾದೆ. ಅಷ್ಟರಲ್ಲಿ ಮಳೆ ಹನಿಯಿತು. "ಅಂಕಲ್, ವಾಪಸ್ ಅಳೆಯೋದೆಲ್ಲ ಬೇಡ, ಮೀಟಿಂಗ್ ನಾಳೇನೇ ಇದೆ, ಪ್ಲೀಸ್" ಎಂದು ಗೋಗರೆದವಳೂ ನಾನೇ. ನನ್ನ ಮುಖ ನೋಡಿ ಒಪ್ಪಿದರು. ಮರುದಿನ ಕೌನ್ಸಿಲಿನಲ್ಲಿ ಅಳತೆ ಓದಿದರು. ಮುಂದಿನ ಮೀಟಿಂಗಿನಲ್ಲಿ ವೋಟು ಎಂದಾಯಿತು.

ಆದರೆ ಅವರಿಗೆ ಸಮಾಧಾನವಿರಲಿಲ್ಲ. ಒಂದು ಭಾನುವಾರ ಮಗಳ ಕೈಗೆ ಕೋಲು ಕೊಟ್ಟು ಇಡೀ ಸುತ್ತು ಮತ್ತೆ ಅಳೆದರು. ವೋಟಿನ ದಿನ ಕೌನ್ಸಿಲಿನಲ್ಲಿ ಎದ್ದು ನಿಂತು, ತಮ್ಮ ಅಳತೆ ಅರ್ಧ ಅಡಿ ತಪ್ಪಿದೆ, ಹೀಗೇ ಪೈಪು ಹಾಕಿದರೆ ನೀರು ಹಳ್ಳಕ್ಕೆ ಹೋಗದೆ ಕೆಳಗಿನ ಬೀದಿಯ ಮನೆಗಳಿಗೆ ನುಗ್ಗುತ್ತದೆ ಎಂದರು. "ತಪ್ಪು ನನ್ನದು" ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಪ್ರೇಕ್ಷಕರ ಸಾಲಿನಲ್ಲಿದ್ದ ನಾನು ತಲೆ ತಗ್ಗಿಸಿ ಫೋನು ನೋಡತೊಡಗಿದೆ. ನಾಚಿಕೆಗೇಡಿ ನಾನು!

ಅವರು ಮತ್ತೆ ನಿಂತಿದ್ದ ಮುಂದಿನ ಚುನಾವಣೆಗೆ ಮೂರು ವಾರವಿತ್ತು. ನೆಲ ಅಳೆಯಲು ಬಾರದ ಸರ್ವೇಯರ್ ಎಂದು ಎದುರಾಳಿಗಳು ಪಾಂಪ್ಲೆಟ್ ಹಂಚಿದರು. ಅಂಕಲ್ ಸೋತರು. ಪೈಪು ಮಾತ್ರ ಅವರ ಎರಡನೇ ಅಳತೆಯ ಪ್ರಕಾರವೇ ಬಂತು. ನಮ್ಮ ಬೇಸ್‌ಮೆಂಟು ಒಣಗಿತು, ಕೆಳಗಿನ ಬೀದಿಯೂ ಉಳಿಯಿತು. ಯಾಕೆ ಸೋತರು ಎಂದು ಯಾರಾದರೂ ಕೇಳಿದರೆ "ಲೆಕ್ಕ ತಪ್ಪಿದ್ರು, ಪಾಪ, ವಯಸ್ಸಾಯ್ತಲ್ಲ" ಎನ್ನುತ್ತಿದ್ದೆ.

ಹೋದ ವರ್ಷ ಅವರು ಆಸ್ಪತ್ರೆ ಸೇರಿದಾಗ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿ ಅತ್ತೆ.

"ಆ ಭಾನುವಾರನ ಗೊತ್ತಾತು, ತಂಗಿ. ಅಂಚುಕಲ್ಲಿನ ಎತ್ತರ ಅಳದು ನೋಡಿದೆ. ಬರೊಬ್ಬರಿ ಅರ್ಧ ಅಡಿ."

"ಮತ್ತೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ ಅಂಕಲ್? ಎಲೆಕ್ಷನ್ ಸೋತ್ರಲ್ಲ!"

"ಕೋಲು ಹಿಡಿದಾಕಿ ನೀ, ಖರೆ. ಸುತ್ತು ಮುಗಸದ ಅಳತಿ ಓದಿದಾಂವ ನಾ. ಸರ್ವೇಯರ್ ನಾನೋ ನೀನೋ?" ಎಂದು ನಕ್ಕರು.

ಒಂಬತ್ತನೆಯ ದಿನ ಹೋಗಿಬಿಟ್ಟರು. ಇಂಥ ಮನುಷ್ಯರೂ ಇರುತ್ತಾರೆಯೇ ಎಂದು ಇವತ್ತಿಗೂ ಬೆರಗು ನನಗೆ. ಶ್ರದ್ಧಾಂಜಲಿ ಸಭೆಗೆ ಕೌನ್ಸಿಲಿನವರು, ಪಾಂಪ್ಲೆಟ್ ಹಂಚಿದವರು, ಕೆಳಗಿನ ಬೀದಿಯವರು ಎಲ್ಲರೂ ಬಂದಿದ್ದರು. ಅಪ್ಪನ ಬಗ್ಗೆ ನಾಲ್ಕು ಮಾತಾಡಿ ಎಂದು ಮಗಳು ನನ್ನ ಕೈಗೆ ಮೈಕು ಕೊಟ್ಟಳು. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಶುರುಮಾಡಿದೆ: "ಆ ಅರ್ಧ ಅಡಿ ತಪ್ಪಿದ್ದು ಅವರಲ್ಲ, ನಾನು."