ವೆಂಕಟರತ್ನಮ್ಮನ ಮೂಗು

ಬೇತಮಂಗಲದ ಸುತ್ತ ನಾಲ್ಕು ಊರಿನಲ್ಲಿ ಹಿರಿಯರಿಗೆ ಎಡೆ ಇಡುವುದಿದ್ದರೆ ಅಡುಗೆಗೆ ವೆಂಕಟರತ್ನಮ್ಮನೇ ಬೇಕು. ಎಡೆಗೆ ಮೊದಲು ರುಚಿ ನೋಡಿದರೆ ಅದು ಎಂಜಲು. ಆಕೆ ನೋಡುತ್ತಲೂ ಇರಲಿಲ್ಲ. ಹಬೆಗೆ ಮೂಗೊಡ್ಡಿ ಹುಳಿ ಹೆಚ್ಚೋ ಕಡಿಮೆಯೋ ಹೇಳಿಬಿಡುವಳು. ಬೇರೆಯವರ ಒಗ್ಗರಣೆಯಲ್ಲಿ ಹುಳುಕು ಹುಡುಕುವುದರಲ್ಲೂ ಎತ್ತಿದ ಕೈ, ಅದನ್ನೂ ಹೇಳಬೇಕು.

ಆ ಮೂಗು ನಾಲ್ಕು ವರ್ಷದಿಂದ ಕಟ್ಟಿಕೊಂಡಿತ್ತು. ಹಣೆಯೊಳಗೆ ಕಲ್ಲು ಹೇರಿದ ಭಾರ, ಹೊರಗೂ ಬಾರದ ಒಳಗೂ ಇಳಿಯದ ಗಟ್ಟಿ ಸಿಂಬಳ, ವಾಸನೆ ಅನ್ನುವುದೇ ಇಲ್ಲ. ಬಾಯಿ ಬಿಟ್ಟು ಹೇಳಿದರೆ ಎಡೆ ಅಡುಗೆಗೆ ಕರೆಯುವವರು ಯಾರು? ಸೊಸೆ ರಾಧಾಮಣಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ವಾಸನೆ ಹಿಡಿದ ಅವಳ ಮುಖ ನೋಡಿ ಒಲೆ ಸಣ್ಣ ಮಾಡುತ್ತಿದ್ದಳು.

ಕೊನೆಗೆ ಬಂಗಾರಪೇಟೆಯ ಡಾಕ್ಟರಮ್ಮ ಆಪರೇಷನ್ ಮಾಡಿದರು. ಉಸಿರೇನೋ ಸಲೀಸಾಯಿತು, ವಾಸನೆ ಬರಲಿಲ್ಲ. ತಿಂಗಳ ಮೇಲೆ ಅವರು ಮೂಗಿನೊಳಗೆ ಸ್ಯಾಕರಿನ್ ಅನ್ನುವ ಸಿಹಿ ಕಾಳೊಂದನ್ನಿಟ್ಟು, ಗಂಟಲಲ್ಲಿ ಸಿಹಿ ತಿಳಿದಾಗ ಹೇಳಿ ಎಂದು ಕೂರಿಸಿದರು. ನಲವತ್ತು ನಿಮಿಷವಾದರೂ ಸಿಹಿ ಇಲ್ಲ.

"ದಾರಿ ಬಿಡಿಸಿದ್ದೀನಮ್ಮ. ಸಿಂಬಳವನ್ನ ಹಿಂದಕ್ಕೆ ತಳ್ಳೋ ಸಣ್ಣ ಕೂದಲು ಒಳಗಿವೆ, ಅವು ಚೇತರಿಸ್ಕೋಬೇಕು. ಆಗ ಈ ಸಿಹಿನೂ ಗಂಟಲಿಗೆ ಇಳಿಯುತ್ತೆ, ವಾಸನೆನೂ ಬರಬಹುದು. ಕೆಲವರಿಗೆ ತಿಂಗಳುಗಟ್ಟಲೆ ಆಗುತ್ತೆ. ಉಪ್ಪುನೀರಲ್ಲಿ ತೊಳೀತಾ ಇರಿ" ಎಂದರು.

ಮೂರನೇ ತಿಂಗಳು ಮತ್ತೆ ಅದೇ ಕುರ್ಚಿ, ಮೂಗಿನಲ್ಲಿ ಅದೇ ಕಾಳು. ಸೀನುವಂತಿಲ್ಲ, ಏಳುವಂತಿಲ್ಲ. ವಾರ ಕಳೆದರೆ ಪಿತೃಪಕ್ಷ. ಏಳು ಮನೆ ಒಪ್ಪಿಕೊಂಡಾಗಿತ್ತು. ಹತ್ತು ನಿಮಿಷಕ್ಕೇ "ಬಂತು ಡಾಕ್ಟ್ರಮ್ಮ, ಸಿಹಿ ಬಂತು" ಎಂದುಬಿಟ್ಟಳು. ಎಂಥ ಹುಚ್ಚು ಹೆಂಗಸು! ಮೂಗು ಯಾರದು, ಮೋಸ ಯಾರಿಗೆ? ಡಾಕ್ಟರಮ್ಮ ಖುಷಿಯಾಗಿ ತೊಳೆಯುವುದು, ಔಷಧಿ ಎಲ್ಲ ನಿಲ್ಲಿಸಿದರು. ರಾಧಾಮಣಿಯೂ ನಂಬಿ ಒಲೆಯ ಪಕ್ಕ ನಿಲ್ಲುವುದು ಬಿಟ್ಟಳು. ಇನ್ನು ಕೇಳುವುದಾದರೂ ಯಾರನ್ನು? ಮಾಡಿದ್ದುಣ್ಣೋ ಮಹರಾಯ.

ಮೊದಲ ಎಡೆ ತೀರಿಹೋದ ಗಂಡನದೇ. ಪಾಯಸ ಕುದಿಯುತ್ತಿತ್ತು. ಮೂಗೊಡ್ಡಿದಳು, ಬರೀ ಬಿಸಿ. ಭಯವಾಯಿತು. ಮೂವತ್ತು ವರ್ಷ ಮಾಡದ ಕೆಲಸ ಮಾಡಿದಳು: ಸೌಟಿನಿಂದ ಒಂದು ತೊಟ್ಟು ಅಂಗೈಗೆ, ಅಂಗೈಯಿಂದ ನಾಲಿಗೆಗೆ. ಸಿಹಿಯಾಗಿತ್ತು. ಸರಿಯಾಗಿದೆ ಅಂದುಕೊಂಡು, ಒಲೆ ಹಾಗೇ ಉರಿಯಬಿಟ್ಟು ಬಾಳೆಯೆಲೆ ತೊಳೆಯತೊಡಗಿದಳು.

ರಾಧಾಮಣಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಬಂದಳು. "ಅತ್ತೆ, ಪಾಯಸ ಸೀದು ಮನೆಯೆಲ್ಲಾ ನಾರ್ತಾ ಐತೆ! ನಿಂಗೆ ಗೊತ್ತಾಗ್ಲಿಲ್ವಾ?"

ವೆಂಕಟರತ್ನಮ್ಮ ಪಾಯಸದ ಪಾತ್ರೆ ಕೆಳಗಿಳಿಸಿದಳು.

"ಇಲ್ಲ ಕಣಮ್ಮ. ಆಸ್ಪತ್ರೇಲಿ ಸಿಹಿ ಬಂದೇ ಇರ್ಲಿಲ್ಲ, ಸುಳ್ಳೇಳ್ದೆ. ಇದನ್ನ ಎಂಜ್ಲೂ ಮಾಡ್ಬುಟ್ಟೆ" ಎಂದು ಅತ್ತುಬಿಟ್ಟಳು. ಆಮೇಲೆ ಸೌಟನ್ನು ಸೊಸೆಯ ಕೈಗಿಟ್ಟಳು. "ನಿಮ್ಮಾವನ ಎಡೆ ನೀನೇ ಮಾಡು. ಮಿಕ್ಕ ಮನೆಗಳ್ಗೂ ನೀನೇ ಓಗು. ನಾನು ನಾಳೆ ಡಾಕ್ಟ್ರಮ್ಮನ ತಾವ ಓಗಿ ನಿಜ ಏಳ್ತೀನಿ."