ದೊಡ್ಡಪತ್ರೆ ಕಾದ ಕಣಜಗಳು

ಮಾವನವರು ಉರಿಯುವ ತೆಂಗಿನ ಗರಿಯನ್ನು ಕಣಜದ ಗೂಡಿನ ಹತ್ತಿರ ಒಯ್ದೇಬಿಟ್ಟಿದ್ದರು. ನ್ಯಾಮತಿಯ ನಮ್ಮ ಮನೆಯ ಮುಂಬಾಗಿಲ ಮೇಲೆಯೇ ಆ ಗೂಡು. ಹಿಂದಿನ ದಿನ ಅತ್ತೆಗೆ ಕಡಿದು ಅವರ ಕೆನ್ನೆ ಊದಿತ್ತು.

ನಲವತ್ತರ ದಶಕದ ಮಾತಿದು. ನಾನು ಹೊಸ ಸೊಸೆ, ಮಾವನ ಎದುರು ಬಾಯಿ ಬಿಡುವಂತಿರಲಿಲ್ಲ. ಅಂಗಳದ ದೊಡ್ಡಪತ್ರೆ ಗಿಡಗಳಲ್ಲಿ ಹಸಿರು ಹುಳ ಹೆಕ್ಕುತ್ತಾ ಕೂತಿದ್ದೆ. ಓಣಿಯ ಕೂಸುಗಳಿಗೆ ಕೆಮ್ಮಾದರೆ ಅತ್ತೆ ಅದೇ ಎಲೆಯನ್ನು ಬಾಡಿಸಿ ರಸ ಹಿಂಡಿ ಕೊಡುತ್ತಿದ್ದರು. ಮಳೆ ಹಿಡಿದ ಮೇಲೆ ಹುಳ ಬಿದ್ದು ಎಲೆಗಳೆಲ್ಲ ಜರಡಿಯಾಗಿದ್ದವು. ಅಷ್ಟರಲ್ಲಿ ಒಂದು ಕಣಜ ನನ್ನ ಬೆರಳ ಪಕ್ಕದಲ್ಲೇ ಇಳಿದು, ಹುಳವೊಂದನ್ನು ಕಚ್ಚಿ ಉಂಡೆ ಮಾಡಿ, ಹೊತ್ತುಕೊಂಡು ಗೂಡಿಗೆ ಹಾರಿತು. ಅದರ ಹಿಂದೆಯೇ ಇನ್ನೊಂದು ಬಂತು.

"ಸುಡಬ್ಯಾಡ್ರಿ ಮಾವ! ಅವು ನಮ್ಮ ಗಿಡದ ಹುಳ ಹಿಡಿಯಾಕೆ ಬರ್ತಾವೆ!" ಎಂದು ಕೂಗಿಬಿಟ್ಟೆ.

ಮನೆಯವರೆಲ್ಲ ನನ್ನನ್ನೇ ನೋಡಿದರು. ನಾನು ಗಿಡದತ್ತ ಬೆರಳು ತೋರಿಸಿದೆ. ಮಾವನವರು ಗರಿಯನ್ನು ನೀರಿಗೆ ಅದ್ದಿ, ಬಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಮತ್ತೊಂದು ಕಣಜ ಹುಳ ಒಯ್ದದ್ದನ್ನು ಕಣ್ಣಾರೆ ಕಂಡು ಜೋರಾಗಿ ನಕ್ಕರು.

"ಹೌದಲ್ಲವ್ವಾ! ಗೂಡು ಅಲ್ಲೇ ಇರ್ಲಿ. ಇನ್ನು ಎಲ್ಲಾರೂ ಹಿತ್ತಲ ಬಾಗಿಲಾಗೆ ಓಡಾಡ್ರಿ!"

ಕೆನ್ನೆ ಹಿಡಿದುಕೊಂಡಿದ್ದ ಅತ್ತೆಗೂ ನಗು ತಡೆಯಲಾಗಲಿಲ್ಲ.

ಆ ಮಳೆಗಾಲ ಕಳೆಯುವುದರೊಳಗೆ ದೊಡ್ಡಪತ್ರೆ ಮತ್ತೆ ದಟ್ಟವಾಗಿ ಚಿಗುರಿತು. ಬೆಳಗಾದರೆ ಮಾವನವರು ಒಳಗಿನಿಂದಲೇ ಕಣಜಗಳ ಸುದ್ದಿ ಕೇಳುತ್ತಿದ್ದರು, ನಾನು ಅಂಗಳದ ಗಿಡಗಳ ಹತ್ತಿರದಿಂದ ಗಟ್ಟಿ ದನಿಯಲ್ಲೇ ಹೇಳುತ್ತಿದ್ದೆ.