ಕೆಸು ಕಿತ್ತ ವರ್ಷ

ಮುಂಬೈ ಪಕ್ಕದ ಠಾಣೆಯಲ್ಲಿ, ಘೋಡಬಂದರ್ ರಸ್ತೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನನ್ನ ಅಡ್ಡಹೆಸರು ‘ಹಿಂಗ್‌ವಾಲಾ’. ಮಳೆಯ ನೀರು ಹರಿದುಹೋಗಬಾರದು, ನೆಲಕ್ಕೆ ಇಂಗಬೇಕು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಇಂಗು ಎಂದರೆ ಸಾರಿಗೆ ಹಾಕುವುದೊಂದೇ ಗೊತ್ತು. ಅವಳು ಅದನ್ನು ಹಿಂದಿಯಲ್ಲಿ ‘ಹಿಂಗ್’ ಎಂದು ಗೆಳತಿಯರಿಗೆ ಹೇಳಿ ನಗಿಸಿದಳು, ಹೆಸರು ಅಂಟಿಕೊಂಡಿತು. ನಾನು ಬೇಸರಪಡಲಿಲ್ಲ, ಹಿಗ್ಗಿದೆ. ಕಮಿಟಿಯಲ್ಲಿ ನೀರಿನ ವಿಷಯ ಬಂದರೆ ನನ್ನದೇ ಕೊನೆಯ ಮಾತು ಎಂಬ ಕೊಬ್ಬು ಆಗಲೇ ಏರಿದ್ದು.

ಬಿಲ್ಡಿಂಗಿನ ಹಿಂದೆ ತಗ್ಗು. ತಾರಸಿಯ ನೀರೆಲ್ಲ ಅಲ್ಲಿ ನಿಂತು, ಪಕ್ಕದ ನೆಲಮಹಡಿಯ ಫ್ಲ್ಯಾಟಿನ ಹೊಸ್ತಿಲಿಗೆ ಬರುತ್ತಿತ್ತು. ಅಲ್ಲಿದ್ದವರು ಉಡುಪಿ ಕಡೆಯ ಅಕ್ಕ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಗ್ರೈಂಡರ್ ಇಟ್ಟು, ದೋಸೆ ಹಿಟ್ಟು ಮಾರಿ ಬದುಕುತ್ತಿದ್ದರು. ಅವರ ಸಲುವಾಗಿಯೇ ಆ ತಗ್ಗನ್ನು ಅಗೆದು, ಮರಳು, ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಮಳೆನೀರು ಹಿಡಿದಿಡುವ ರೇನ್ ಗಾರ್ಡನ್ ಮಾಡಿಸಿದೆವು. ಅಕ್ಕ ಊರಿಂದ ಕೆಸುವಿನ ಗೆಡ್ಡೆ ತಂದು ಅದರ ತುಂಬ ನೆಟ್ಟರು. ಎರಡು ಮಳೆಗಾಲ ಅವರ ಹೊಸ್ತಿಲು ನೆನೆಯಲಿಲ್ಲ. ಶ್ರಾವಣದಲ್ಲಿ ಮಹಡಿ ಮಹಡಿಗೂ ಅದರ ಎಲೆಯ ಪತ್ರೊಡೆ ಹಂಚಿದರು.

ಮೂರನೆಯ ವರ್ಷ, ಗಿಡಗಳು ಬೇರಿನಿಂದ ಹೀರಿದ ನೀರನ್ನು ಎಲೆಯಿಂದ ಗಾಳಿಗೆ ಬಿಡುತ್ತವೆ ಎಂದು ಎಲ್ಲೋ ಓದಿದೆ. ಶಾಲೆಯಲ್ಲೇ ಕಲಿತ ಪಾಠ, ಆದರೂ ಈಗ ಹೊಟ್ಟೆ ಉರಿಯಿತು. ನಮ್ಮ ಬೋರ್‌ವೆಲ್ಲಿಗೆ ಇಳಿಯಬೇಕಾದ ನೀರು ಹೀಗೆ ನಷ್ಟವಾಗುವುದೇ? ಸೆಕ್ರೆಟರಿಗೆ ಆ ಕಾಡು ಕಂಡರೆ ಮೊದಲೇ ಆಗುತ್ತಿರಲಿಲ್ಲ. ಮೇ ತಿಂಗಳಲ್ಲಿ ಕೆಸುವನ್ನೆಲ್ಲ ಕೀಳಿಸಿ, ಮೇಲೆ ಜಲ್ಲಿ ಹಾಸಿಸಿದೆ.

ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. “ಗಿಡ ಕೀಳ್ಬೇಡಿ ಮಾರಾಯ್ರೆ. ನೀರು ಕುಡಿಯುದೇ ಅದು. ಅಡಿಯಲ್ಲಿ ಬರೀ ಕಲ್ಲುಂಟು.”

ನೀರನ್ನು ಗಿಡ ಕುಡಿಯುವುದಲ್ಲ ಅಕ್ಕಾ, ಅದು ಇಂಗಬೇಕು ಎಂದು ನಕ್ಕುಬಿಟ್ಟೆ. ಮಾತು ಬಲ್ಲವನೆಂಬ ಸೊಕ್ಕು.

ಜುಲೈಯಲ್ಲಿ ಮಳೆ ಹಿಡಿಯಿತು. ಹಿಂದೆಲ್ಲ ಎರಡು ದಿನ ಬಿಸಿಲು ಬಿದ್ದರೆ ಸಾಕು, ಕೆಸು ಮಣ್ಣಿನ ನೀರೆಳೆದು ಮುಂದಿನ ಮಳೆಗೆ ಜಾಗ ಮಾಡಿಡುತ್ತಿತ್ತು. ಅದರ ಬೇರುಗಳೇ ಮಣ್ಣನ್ನು ಸಡಿಲವಾಗಿ ಇಟ್ಟಿದ್ದವು. ಈಗ ಜಲ್ಲಿಯ ಅಡಿಯ ಮಣ್ಣು ಗಟ್ಟಿಯಾಗಿ ಕೂತಿತ್ತು, ಬಿಸಿಲು ಬಂದರೂ ಒಣಗಲಿಲ್ಲ. ಅದರ ಕೆಳಗಿನ ಬಂಡೆಗೆ ನನ್ನ ಭಾಷಣ ಕೇಳಿಸಲಿಲ್ಲ. ನಾನು ನಷ್ಟ ಎಂದದ್ದೇ ಅಕ್ಕನ ಮನೆ ಕಾಯುತ್ತಿತ್ತು ಎಂದು ತಿಳಿಯುವ ಹೊತ್ತಿಗೆ ತುಂಬಿದ ಗುಂಡಿಯ ಮೇಲೆ ಇನ್ನೊಂದು ಮಳೆ ಸುರಿದಿತ್ತು. ಅವರ ಅಡುಗೆಮನೆಯಲ್ಲಿ ಮೊಣಕಾಲು ಮಟ್ಟ ನೀರು. ಗ್ರೈಂಡರಿನ ಮೋಟರ್ ಹೋಯಿತು, ಅಕ್ಕಿ ಉದ್ದಿನ ಮೂಟೆಗಳೆಲ್ಲ ನೆನೆದು ಬಿರಿದವು.

ನಾನು ಬಕೆಟ್ ಹಿಡಿದು ಓಡಿದೆ. ಅಕ್ಕ ಬೈಯಲಿಲ್ಲ. “ನೀರು ಇಂಗಿತು ನೋಡಿ,” ಎಂದರು, “ನನ್ನ ಮನೆಯೊಳಗೆ.”

ಇಂಗು ತಿಂದ ಮಂಗನ ಹಾಗೆ ನಿಂತೆ. ಈ ಗಾದೆಯನ್ನು ಬೇರೆಯವರ ಮೇಲೆ ಎಷ್ಟು ಸಲ ಬಳಸಿದ್ದೆನೋ.

ಗಣಪತಿ ಹಬ್ಬಕ್ಕೆ ಮೊದಲೇ ಅವರು ಡೊಂಬಿವಲಿಯ ತಂಗಿಯ ಮನೆಗೆ ಹೋದರು. ಹಿಟ್ಟಿನ ಗಿರಾಕಿಗಳೆಲ್ಲ ಇಲ್ಲೇ ಉಳಿದರು, ಅಲ್ಲಿ ಮತ್ತೆ ಶುರುಮಾಡುವ ತ್ರಾಣ ಅವರಿಗಿರಲಿಲ್ಲ. ನೋಡಿಬರಬೇಕೆಂದು ಒಮ್ಮೆ ಠಾಣೆ ಸ್ಟೇಷನ್ನಿನ ತನಕ ಹೋಗಿ, ಮುಖ ತೋರಿಸಲಾರದೆ ವಾಪಸು ಬಂದೆ. ಕಮಿಟಿ ಆ ಗುಂಡಿ ಮುಚ್ಚಿ, ಸಿಮೆಂಟ್ ಹಾಕಿ ಪಾರ್ಕಿಂಗ್ ಮಾಡಿತು. ಕಾರಿನ ಜಾಗ ಹಂಚಲು ಚೀಟಿ ಎತ್ತಿದಾಗ ಅದು ನನಗೇ ಬಂತು. ಬೇಡ ಎನ್ನಲಿಲ್ಲ.